ಉಚಿತ ವರ್ಚುವಲ್ ಮಷೀನ್ ತಂತ್ರಾಂಶದ ಆಯ್ಕೆ: ಇಳಿಸಿಕೊಳ್ಳುವ ಮುನ್ನ ನೋಡಬೇಕಾದದ್ದು, ಹಾಕಿದ ಮೇಲೆ ಪರೀಕ್ಷಿಸಬೇಕಾದದ್ದು

ತಂತ್ರಾಂಶವೊಂದು ಕಟ್ಟಿಕೊಡುವ ಕಾಲ್ಪನಿಕ ಗಣಕವೇ ವರ್ಚುವಲ್ ಮಷೀನ್. ಅದರ ಮೂಲಕ ಒಂದೇ ಗಣಕದಲ್ಲಿ ಎರಡನೆಯ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಲು ಹೊರಟವರು ಸೋಲುವ ಬಗೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೊದಲು ಕಿವಿಗೆ ಬಿದ್ದ ಹೆಸರಿನ ತಂತ್ರಾಂಶವನ್ನು ಇಳಿಸಿಕೊಳ್ಳುತ್ತಾರೆ. ಅದು ಓಡದಿದ್ದಾಗ ಅದನ್ನು ತೆಗೆಯದೆಯೇ ಇನ್ನೊಂದನ್ನು ಹಾಕುತ್ತಾರೆ. ಅದೂ ತೆವಳತೊಡಗಿದಾಗ ಗಣಕ ಹಳತಾಯಿತೆಂದು ಕೈಚೆಲ್ಲುತ್ತಾರೆ. ಬಹಳ ಸಲ ತಪ್ಪಿರುವುದು ಕೆಲಸದ ಕ್ರಮದಲ್ಲಿ. ತಂತ್ರಾಂಶದ ಹೆಸರು ಈ ಮಾರ್ಗದರ್ಶಿಯ ಐದನೆಯ ಹಂತದಲ್ಲಿ ನಿರ್ಧಾರವಾಗುತ್ತದೆ. ಅದಕ್ಕೂ ಮುಂಚಿನ ನಾಲ್ಕು ಹಂತಗಳನ್ನು ಹಾರಿಸಿ ಬಂದರೆ ಅದನ್ನು ಓದಿ ಪ್ರಯೋಜನವಿಲ್ಲ.

ಮುಂದೆ ಪದೇ ಪದೇ ಬರುವ ಎರಡು ಪದಗಳನ್ನು ಈಗಲೇ ಗೊತ್ತುಮಾಡಿಕೊಳ್ಳೋಣ. ನಿಮ್ಮ ಮೇಜಿನ ಮೇಲಿರುವ ನಿಜವಾದ ಗಣಕ ಮತ್ತು ಅದರ ವ್ಯವಸ್ಥೆ ಹೋಸ್ಟ್. ಅದರೊಳಗೆ ಕಿಟಕಿಯೊಂದರಲ್ಲಿ ಓಡುವ ಎರಡನೆಯ ವ್ಯವಸ್ಥೆ ಗೆಸ್ಟ್.

## ಕೈಯಲ್ಲಿ ಇರಬೇಕಾದದ್ದು

64 ಬಿಟ್ ಪ್ರೊಸೆಸರ್ ಇರುವ ಗಣಕ, ಕನಿಷ್ಠ 8 ಜಿಬಿ ರ‍್ಯಾಮ್, ಸಾಧ್ಯವಾದರೆ 16 ಜಿಬಿ, ಮತ್ತು ಎಸ್‌ಎಸ್‌ಡಿಯಲ್ಲಿ 60ರಿಂದ 100 ಜಿಬಿ ಖಾಲಿ ಜಾಗ ಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿಯೂ ಕೆಲಸ ನಡೆಯುತ್ತದೆಯಾದರೂ ಹೋಸ್ಟ್ ಮತ್ತು ಗೆಸ್ಟ್ ಎರಡೂ ಒಂದೇ ಡಿಸ್ಕಿಗಾಗಿ ಕಾಯುತ್ತ ಕೂರುವುದರಿಂದ ತಾಳ್ಮೆ ಉಳಿಯುವುದಿಲ್ಲ. ಗಣಕದ ಆಡಳಿತ ಖಾತೆಯ ಪಾಸ್‌ವರ್ಡ್, ಗೆಸ್ಟ್ ವ್ಯವಸ್ಥೆಯ ಐಎಸ್‌ಒ ಕಡತ (ಅನುಸ್ಥಾಪನೆಯ ಸಿಡಿಯ ಪ್ರತಿರೂಪ), ಮತ್ತು ವಿಂಡೋಸ್ ಅನ್ನು ಗೆಸ್ಟ್ ಆಗಿ ಹಾಕುವುದಾದರೆ ಅದರದೇ ಪರವಾನಗಿ ಸಿದ್ಧವಿರಲಿ. ವರ್ಚುವಲ್ ಮಷೀನ್ ತಂತ್ರಾಂಶ ಉಚಿತವಾಗಿರುವುದರಿಂದ ಒಳಗಿನ ವಿಂಡೋಸ್ ಉಚಿತವಾಗುವುದಿಲ್ಲ.

ಇನ್ನೊಂದು ವಸ್ತುವನ್ನು ಹಲವರು ಮರೆಯುತ್ತಾರೆ. ಹೋಸ್ಟ್‌ನಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ, ಅಂದರೆ ಗಣಕ ಏಳುವಾಗ ಮೊದಲು ಓಡುವ ಮೂಲ ತಂತ್ರಾಂಶದಲ್ಲಿ, ಬದಲಾವಣೆ ಮಾಡಿದ ಮೇಲೆ ಕೆಲವು ಗಣಕಗಳು ಏಳುವಾಗಲೇ ಆ 48 ಅಂಕಿಗಳನ್ನು ಕೇಳುತ್ತವೆ, ಮತ್ತು ಅದನ್ನು ಹುಡುಕಲು ಬೇಕಾದ ಗಣಕ ಆಗ ನಿಮ್ಮೆದುರು ಬೀಗ ಹಾಕಿಕೊಂಡು ಕುಳಿತಿರುತ್ತದೆ.

## ಹಂತ 1: ಯಾವ ಕೆಲಸಕ್ಕೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಎಲ್ಲರಿಗೂ ವರ್ಚುವಲ್ ಮಷೀನ್ ಬೇಕಾಗಿರುವುದಿಲ್ಲ. ವಿಂಡೋಸ್ ಗಣಕದಲ್ಲಿ ಲಿನಕ್ಸ್‌ನ ಆದೇಶಗಳನ್ನು ಕಲಿಯುವುದಷ್ಟೇ ಉದ್ದೇಶವಾಗಿದ್ದರೆ ವಿಂಡೋಸ್‌ನಲ್ಲಿಯೇ ಇರುವ ಡಬ್ಲ್ಯುಎಸ್‌ಎಲ್ ಸಾಕು. ಅನುಮಾನಾಸ್ಪದ ಕಡತವೊಂದನ್ನು ಒಮ್ಮೆ ತೆರೆದು ನೋಡಬೇಕಿದ್ದರೆ, ವಿಂಡೋಸ್‌ನ ಪ್ರೊ ಆವೃತ್ತಿ ಉಳ್ಳವರು ವಿಂಡೋಸ್ ಸ್ಯಾಂಡ್‌ಬಾಕ್ಸ್ ಬಳಸಬಹುದು. ಅದನ್ನು ಮುಚ್ಚಿದ ಕೂಡಲೇ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಮುಂದಿನ ಶ್ರಮ ಉಳಿಯಿತು.

ಪೂರ್ತಿ ಲಿನಕ್ಸ್ ಡೆಸ್ಕ್‌ಟಾಪ್ ಬೇಕು, ಹಳೆಯ ವಿಂಡೋಸ್‌ನಲ್ಲಿ ಮಾತ್ರ ಓಡುವ ತಂತ್ರಾಂಶವಿದೆ, ಬೇರೆ ಬೇರೆ ವ್ಯವಸ್ಥೆಗಳಲ್ಲಿ ನಿಮ್ಮ ಕ್ರಮವಿಧಿಯನ್ನು ಪರೀಕ್ಷಿಸಬೇಕು ಎಂಬಂಥ ಕಾರಣಗಳಿದ್ದರೆ ಮುಂದುವರಿಯಿರಿ. ಆಗಲೂ ವಾಕ್ಯ ನಿಖರವಾಗಿರಲಿ. ಯುಎಸ್‌ಬಿ ಸಾಧನವನ್ನು, ಉದಾಹರಣೆಗೆ ಪರವಾನಗಿ ಡಾಂಗಲ್ ಅಥವಾ ಹಳೆಯ ಸ್ಕ್ಯಾನರ್ ಅನ್ನು, ಗೆಸ್ಟ್‌ಗೆ ಕೊಡಬೇಕಿದೆಯೇ ಎಂಬ ಪ್ರಶ್ನೆಯೊಂದೇ ಐದನೆಯ ಹಂತದಲ್ಲಿ ಒಂದು ತಂತ್ರಾಂಶವನ್ನು ಪಟ್ಟಿಯಿಂದ ತೆಗೆದುಹಾಕಬಲ್ಲದು. ಆಟಗಳನ್ನು ಆಡುವ ಉದ್ದೇಶವಿದ್ದರೆ ಈ ದಾರಿಯನ್ನೇ ಬಿಡುವುದು ಒಳ್ಳೆಯದು. ಉಚಿತವಾಗಿ ಸಿಗುವ ಯಾವುದೂ ಸಾಮಾನ್ಯ ಬಳಕೆದಾರನ ಕೈಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಪೂರ್ಣ ಶಕ್ತಿಯನ್ನು ಗೆಸ್ಟ್‌ಗೆ ಸುಲಭವಾಗಿ ದಾಟಿಸುವುದಿಲ್ಲ.

## ಹಂತ 2: ಪ್ರೊಸೆಸರ್ ಒಪ್ಪುತ್ತದೆಯೇ ನೋಡಿ

ಮೊದಲ ಪ್ರಶ್ನೆ ಪ್ರೊಸೆಸರಿನ ಜಾತಿಯದು. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳು ಎಕ್ಸ್86 ಜಾತಿಯವು. 2020ರ ಕೊನೆಯಿಂದ ಬಂದ ಆಪಲ್‌ನ ಎಂ ಸರಣಿಯ ಚಿಪ್‌ಗಳು ಆರ್ಮ್ ಜಾತಿಯವು. ವರ್ಚುವಲ್ ಮಷೀನ್ ವೇಗವಾಗಿ ಓಡುವುದು ಹೋಸ್ಟ್ ಮತ್ತು ಗೆಸ್ಟ್ ಒಂದೇ ಜಾತಿಯವಾಗಿದ್ದಾಗ ಮಾತ್ರ. ಎಂ1 ಮ್ಯಾಕ್‌ನಲ್ಲಿ ಸಾಮಾನ್ಯ ವಿಂಡೋಸ್ ಐಎಸ್‌ಒ ಹಾಕಲು ಹೊರಟರೆ ಪ್ರತಿಯೊಂದು ಆದೇಶವನ್ನೂ ತರ್ಜುಮೆ ಮಾಡುತ್ತ ಸಾಗುವ ಎಮ್ಯುಲೇಷನ್‌ಗೆ ಇಳಿಯಬೇಕಾಗುತ್ತದೆ, ಮತ್ತು ಅದು ದಿನಬಳಕೆಗೆ ಆಗದಷ್ಟು ನಿಧಾನ. ಅಂಥ ಗಣಕ ಉಳ್ಳವರು ಆರ್ಮ್‌ಗೆಂದೇ ತಯಾರಾದ ಲಿನಕ್ಸ್ ಅಥವಾ ವಿಂಡೋಸ್ ಐಎಸ್‌ಒವನ್ನೇ ಇಳಿಸಿಕೊಳ್ಳಬೇಕು.

ಎರಡನೆಯದು, ಪ್ರೊಸೆಸರ್‌ನಲ್ಲಿರುವ ವರ್ಚುವಲೈಸೇಷನ್ ಸೌಲಭ್ಯ ಚಾಲೂ ಇದೆಯೇ ಎಂಬುದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆರಿಸಿದರೆ ಬಲಗಡೆಯ ಕೆಳಭಾಗದಲ್ಲಿ ವರ್ಚುವಲೈಸೇಷನ್ ಎಂಬ ಸಾಲು ಕಾಣುತ್ತದೆ. ಎನೇಬಲ್ಡ್ ಎಂದಿದ್ದರೆ ಮೂರನೆಯ ಹಂತಕ್ಕೆ ಹೋಗಿ. ಲಿನಕ್ಸ್‌ನಲ್ಲಿ ಡೆವ್ ಕೋಶದೊಳಗೆ ಕೆವಿಎಂ ಎಂಬ ಹೆಸರಿನ ಕಡತ (/dev/kvm) ಇದೆಯೇ ನೋಡಿದರೆ ಸಾಕು.

ಡಿಸೇಬಲ್ಡ್ ಎಂದಿದ್ದರೆ ಬಯಾಸ್‌ಗೆ ಹೋಗಬೇಕು. ಗಣಕ ಏಳುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತುವುದು ವಾಡಿಕೆ. ಅದು ಕೈಗೂಡದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ಅಡ್ವಾನ್ಸ್‌ಡ್ ಸ್ಟಾರ್ಟ್‌ಅಪ್ ಆರಿಸಿ, ಅಲ್ಲಿಂದ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಸೆಟ್ಟಿಂಗ್ಸ್‌ಗೆ ಹೋಗಬಹುದು. ಇಂಟೆಲ್ ಗಣಕಗಳಲ್ಲಿ ಈ ಗುಂಡಿಯ ಹೆಸರು ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ ಅಥವಾ ವಿಟಿ-ಎಕ್ಸ್. ಎಎಂಡಿ ಗಣಕಗಳಲ್ಲಿ ಅದನ್ನು ಎಸ್‌ವಿಎಂ ಮೋಡ್ ಎನ್ನುತ್ತಾರೆ, ಮತ್ತು ಹಲವು ಮದರ್‌ಬೋರ್ಡ್‌ಗಳು ಅದನ್ನು ಓವರ್‌ಕ್ಲಾಕಿಂಗ್ ಪುಟದ ಒಳಮೂಲೆಯಲ್ಲಿ ಅಡಗಿಸಿಟ್ಟಿರುತ್ತವೆ. ವರ್ಚುವಲೈಸೇಷನ್ ಎಂಬ ಪದವನ್ನೇ ಹುಡುಕುತ್ತ ಹೋದವರಿಗೆ ಅದು ಸಿಗುವುದಿಲ್ಲ. ಇಂಟೆಲ್ ಗಣಕಗಳಲ್ಲಿ ವಿಟಿ-ಎಕ್ಸ್ ಜೊತೆಗೆ ಕಾಣುವ ವಿಟಿ-ಡಿ ಬೇರೆಯೇ ಸೌಲಭ್ಯ. ಅದನ್ನು ಚಾಲೂ ಮಾಡಿ ವಿಟಿ-ಎಕ್ಸ್ ಅನ್ನು ಹಾಗೆಯೇ ಬಿಟ್ಟುಬರುವುದು ನಾನು ಮತ್ತೆ ಮತ್ತೆ ಕಂಡ ತಪ್ಪು. ಬದಲಾವಣೆ ಉಳಿಸಿದ ಮೇಲೆ ಗಣಕವನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಹಚ್ಚಿ.

ಈ ಹಂತ ಹಾರಿಸಿದ್ದೀರಿ ಎಂಬುದರ ಸ್ಪಷ್ಟ ಸೂಚನೆ ಹೀಗಿರುತ್ತದೆ: ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಹೊಸ ಮಷೀನ್ ರಚಿಸುವಾಗ ಗೆಸ್ಟ್‌ಗಳ ಪಟ್ಟಿಯಲ್ಲಿ 32 ಬಿಟ್ ಹೆಸರುಗಳಷ್ಟೇ ಕಾಣುತ್ತವೆ, ಇಲ್ಲವೇ ಮಷೀನ್ ಹಚ್ಚಿದ ಕೂಡಲೇ ವಿಟಿ-ಎಕ್ಸ್ ಲಭ್ಯವಿಲ್ಲ ಎಂಬ ದೋಷಸಂದೇಶ ಬರುತ್ತದೆ.

## ಹಂತ 3: ಆ ಸೌಲಭ್ಯವನ್ನು ಈಗಾಗಲೇ ಯಾರು ಹಿಡಿದಿದ್ದಾರೆ?

ಅತಿ ಹೆಚ್ಚು ಜನ ಎಡವುವುದು ಇಲ್ಲಿ, ಏಕೆಂದರೆ ಇಲ್ಲಿ ದೋಷಸಂದೇಶವೇನೂ ಬರುವುದಿಲ್ಲ. ಎಲ್ಲವೂ ಓಡುತ್ತದೆ, ಆದರೆ ಕಾಲೆಳೆಯುತ್ತ ಓಡುತ್ತದೆ.

ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯವನ್ನು ಒಂದು ಸಲಕ್ಕೆ ಒಂದೇ ಹೈಪರ್‌ವೈಸರ್ (ವರ್ಚುವಲ್ ಮಷೀನ್‌ಗಳನ್ನು ನಡೆಸುವ ತಿರುಳು ತಂತ್ರಾಂಶ) ನೇರವಾಗಿ ಹಿಡಿಯಬಲ್ಲದು. ವಿಂಡೋಸ್‌ನದೇ ಹೈಪರ್‌ವೈಸರ್ ಆದ ಹೈಪರ್-ವಿ ಚಾಲೂ ಇದ್ದರೆ ಅದು ಎಲ್ಲರಿಗಿಂತ ಮೊದಲು ಎದ್ದು ಆ ಸ್ಥಾನವನ್ನು ಹಿಡಿಯುತ್ತದೆ. ನೀವಾಗಿ ಹೈಪರ್-ವಿಯನ್ನು ಹಾಕದಿದ್ದರೂ ಅದರ ತಿರುಳು ಓಡುತ್ತಿರಬಹುದು: ಡಬ್ಲ್ಯುಎಸ್‌ಎಲ್‌ನ ಎರಡನೆಯ ಆವೃತ್ತಿ, ಕ್ರಮವಿಧಿಗಳನ್ನು ಕಂಟೇನರ್‌ಗಳಲ್ಲಿ ಪ್ರತ್ಯೇಕಿಸಿ ನಡೆಸುವ ಡಾಕರ್ ಡೆಸ್ಕ್‌ಟಾಪ್, ಮತ್ತು ಹೋಮ್ ಆವೃತ್ತಿಯಲ್ಲಿಯೂ ಇರುವ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯ, ಈ ಎಲ್ಲವೂ ಅದನ್ನೇ ಅವಲಂಬಿಸಿವೆ. ಪರೀಕ್ಷಿಸಲು ಸಿಸ್ಟಂ ಇನ್‌ಫರ್ಮೇಷನ್ ತೆರೆದು ಸಾರಾಂಶದ ಪುಟದ ತಳಕ್ಕೆ ಹೋಗಿ. ಹೈಪರ್‌ವೈಸರ್ ಒಂದು ಪತ್ತೆಯಾಗಿದೆ ಎಂಬ ಅರ್ಥದ ಸಾಲು ಅಲ್ಲಿದ್ದರೆ ಆ ಸ್ಥಾನ ಖಾಲಿಯಿಲ್ಲ ಎಂದು ತಿಳಿಯಿರಿ.

ಆಗ ವರ್ಚುವಲ್‌ಬಾಕ್ಸ್ ಹೈಪರ್-ವಿಯ ಮೂಲಕವೇ ಓಡಬೇಕಾಗುತ್ತದೆ. ಮಷೀನ್ ಕಿಟಕಿಯ ಕೆಳಪಟ್ಟಿಯ ಬಲಮೂಲೆಯಲ್ಲಿ ಸಾಮಾನ್ಯವಾಗಿ ಇರುವ ಚಿಪ್‌ನ ಚಿತ್ರದ ಬದಲು ಹಸಿರು ಆಮೆಯೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ಅಲಂಕಾರವೆಂದು ಭಾವಿಸಿ ವಾರಗಟ್ಟಲೆ ರ‍್ಯಾಮ್ ಹೆಚ್ಚಿಸುತ್ತ ಕುಳಿತವರಿದ್ದಾರೆ. ನಾನೂ ಒಂದು ವಾರಾಂತ್ಯವನ್ನು ಹಾಗೆ ಕಳೆದಿದ್ದೇನೆ. ಆಮೆ ಕಂಡರೆ ರ‍್ಯಾಮ್ ಹೆಚ್ಚಿಸಿ ಉಪಯೋಗವಿಲ್ಲ.

ನಿರ್ಧಾರ ಹೀಗೆ ಮಾಡಿ. ಡಬ್ಲ್ಯುಎಸ್‌ಎಲ್ ಅಥವಾ ಡಾಕರ್ ನಿಮಗೆ ದಿನವೂ ಬೇಕಿದ್ದರೆ ಅವುಗಳ ಜೊತೆ ಹೊಂದಿಕೊಳ್ಳುವ ತಂತ್ರಾಂಶವನ್ನೇ ಆರಿಸಬೇಕು. ಬೇಡವಾಗಿದ್ದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಮತ್ತು ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಈ ಮೂರರ ಗುರುತನ್ನು ತೆಗೆದು ಗಣಕವನ್ನು ಮತ್ತೆ ಆರಂಭಿಸಿ. ಮೆಮೊರಿ ಇಂಟೆಗ್ರಿಟಿಯನ್ನು ನಿಲ್ಲಿಸುವುದು ಹೋಸ್ಟ್‌ನ ಭದ್ರತೆಯನ್ನು ಸಡಿಲಿಸುತ್ತದೆ. ಹಣಕಾಸಿನ ವ್ಯವಹಾರ ನಡೆಸುವ ಗಣಕದಲ್ಲಿ ಕೇವಲ ವೇಗಕ್ಕಾಗಿ ಅದನ್ನು ನಿಲ್ಲಿಸಬಾರದೆಂಬುದು ನನ್ನ ಅಭಿಪ್ರಾಯ.

ಲಿನಕ್ಸ್ ಹೋಸ್ಟ್‌ನಲ್ಲಿಯೂ ಇದೇ ಜಗಳ ಲಿನಕ್ಸ್‌ನದೇ ಹೈಪರ್‌ವೈಸರ್ ಆದ ಕೆವಿಎಂ ಮತ್ತು ವರ್ಚುವಲ್‌ಬಾಕ್ಸ್ ನಡುವೆ ನಡೆಯುತ್ತದೆ. ವ್ಯತ್ಯಾಸವೆಂದರೆ, ಅಲ್ಲಿ ಬೇರೆ ಹೈಪರ್‌ವೈಸರ್ ವಿಟಿ-ಎಕ್ಸ್ ಬಳಸುತ್ತಿದೆ ಎಂಬ ಸಂದೇಶ ನೇರವಾಗಿಯೇ ಬರುತ್ತದೆ.

## ಹಂತ 4: ಉಚಿತ ಎಂದರೆ ಯಾರಿಗೆ ಉಚಿತ?

ಹೈಪರ್-ವಿಗೆ ಬೇರೆ ಬೆಲೆಯಿಲ್ಲ, ಆದರೆ ಅದು ವಿಂಡೋಸ್‌ನ ಪ್ರೊ, ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ ಮಾತ್ರ ಇದೆ. ಹೋಮ್ ಆವೃತ್ತಿಯವರಿಗೆ ಅಧಿಕೃತವಾಗಿ ಇಲ್ಲ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಮತ್ತು ಮ್ಯಾಕ್‌ನ ಫ್ಯೂಷನ್ ಪ್ರೊ ಬಹುಕಾಲ ಹಣಕೊಟ್ಟು ಕೊಳ್ಳಬೇಕಾದ ತಂತ್ರಾಂಶಗಳಾಗಿದ್ದವು. 2024ರ ಮೇ ತಿಂಗಳಲ್ಲಿ ವೈಯಕ್ತಿಕ ಬಳಕೆಗೆ, ಅದೇ ವರ್ಷದ ನವೆಂಬರ್‌ನಲ್ಲಿ ಕಚೇರಿ ಬಳಕೆಗೂ ಉಚಿತವಾದವು. ಇಳಿಸಿಕೊಳ್ಳಲು ವಿಎಂವೇರ್‌ನ ಒಡೆತನ ಹೊಂದಿರುವ ಬ್ರಾಡ್‌ಕಾಮ್‌ನ ತಾಣದಲ್ಲಿ ಖಾತೆ ತೆರೆಯಬೇಕು. ಲಿನಕ್ಸ್‌ನ ಕೆವಿಎಂ, ಅದರ ಜೊತೆ ಕೆಲಸ ಮಾಡುವ ಕ್ಯೂಎಮು, ಅವನ್ನು ಕಿಟಕಿಯಿಂದ ನಡೆಸಲು ಬಿಡುವ ವರ್ಟ್ ಮ್ಯಾನೇಜರ್ ಮತ್ತು ಗ್ನೋಮ್ ಬಾಕ್ಸಸ್ ಮುಕ್ತ ತಂತ್ರಾಂಶಗಳು. ಮ್ಯಾಕ್‌ನ ಯುಟಿಎಂ ಕೂಡ ಮುಕ್ತವೇ. ಅದರ ಸ್ವಂತ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಆಪ್ ಸ್ಟೋರ್‌ನಲ್ಲಿ ಬೆಲೆಯಿದೆ.

ಬಲೆ ಇರುವುದು ವರ್ಚುವಲ್‌ಬಾಕ್ಸ್‌ನಲ್ಲಿ. ಅದರ ಮೂಲ ತಂತ್ರಾಂಶ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಉಚಿತ. ಪಕ್ಕದಲ್ಲಿಯೇ ಇಳಿಸಿಕೊಳ್ಳಲು ಸಿಗುವ ಎಕ್ಸ್‌ಟೆನ್ಷನ್ ಪ್ಯಾಕ್ ಮಾತ್ರ ಬೇರೆ ಪರವಾನಗಿಯದು: ವೈಯಕ್ತಿಕ ಬಳಕೆ, ಶಿಕ್ಷಣ ಮತ್ತು ಪರಿಶೀಲನೆಗೆ ಅದು ಉಚಿತ, ಕಚೇರಿ ಕೆಲಸಕ್ಕೆ ಅಲ್ಲ. ಯುಎಸ್‌ಬಿ 2 ಮತ್ತು 3ರ ಬೆಂಬಲಕ್ಕೆ ಆ ಪ್ಯಾಕ್ ಬೇಕೇ ಬೇಕೆಂದು ಹಳೆಯ ಸೂಚನೆಗಳು ಇಂದಿಗೂ ಹೇಳುತ್ತಿರುತ್ತವೆ. 2022ರಲ್ಲಿ ಬಂದ 7.0 ಆವೃತ್ತಿಯಿಂದ ಆ ಬೆಂಬಲ ಮೂಲ ತಂತ್ರಾಂಶದಲ್ಲಿಯೇ ಇದೆ. ಆದ್ದರಿಂದ ಡಿಸ್ಕ್ ಎನ್‌ಕ್ರಿಪ್ಷನ್ ಅಥವಾ ದೂರದಿಂದ ಗೆಸ್ಟ್‌ನ ಪರದೆ ನೋಡುವ ಸೌಲಭ್ಯದಂಥ ನಿರ್ದಿಷ್ಟ ಅಗತ್ಯವಿಲ್ಲದವರು ಪ್ಯಾಕನ್ನು ಮುಟ್ಟದಿರುವುದೇ ಕ್ಷೇಮ. ಕಚೇರಿಯ ಗಣಕದಲ್ಲಿ ಅಭ್ಯಾಸಬಲದಿಂದ ಒತ್ತಿದ ಒಂದು ಗುಂಡಿ ಸಂಸ್ಥೆಗೆ ಪರವಾನಗಿಯ ತಕರಾರು ತರಬಹುದು.

## ಹಂತ 5: ಈಗ ಆರಿಸಿ

ಲಿನಕ್ಸ್ ಹೋಸ್ಟ್: ಕೆವಿಎಂ 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಭಾಗವಾಗಿಯೇ ಇರುವುದರಿಂದ ಹೊರಗಿನದನ್ನು ತರುವ ಅಗತ್ಯವಿಲ್ಲ. ಹೊಸಬರು ಗ್ನೋಮ್ ಬಾಕ್ಸಸ್‌ನಿಂದ ಆರಂಭಿಸಬಹುದು. ಜಾಲ ಮತ್ತು ಡಿಸ್ಕ್ ಮೇಲೆ ಹಿಡಿತ ಬೇಕಾದವರು ವರ್ಟ್ ಮ್ಯಾನೇಜರ್ ಹಾಕಿಕೊಳ್ಳಲಿ. ವಿಂಡೋಸ್ ಗೆಸ್ಟ್ ಹಾಕುವಾಗ ಡಿಸ್ಕನ್ನು ವರ್ಟ್‌ಐಒ (ವರ್ಚುವಲ್ ಮಷೀನ್‌ಗೆಂದೇ ಇರುವ ವೇಗದ ಸಾಧನ) ಬಗೆಯದಾಗಿ ಇಟ್ಟಿದ್ದು, ವರ್ಟ್‌ಐಒ ಚಾಲಕಗಳ ಐಎಸ್‌ಒವನ್ನು ಎರಡನೆಯ ಸಿಡಿಯಾಗಿ ಜೋಡಿಸುವುದನ್ನು ಮರೆತರೆ, ಅನುಸ್ಥಾಪನೆಯ ಮಧ್ಯದಲ್ಲಿ ಡಿಸ್ಕೇ ಕಾಣದೆ ನಿಲ್ಲಬೇಕಾಗುತ್ತದೆ.

ಆಪಲ್ ಚಿಪ್‌ನ ಮ್ಯಾಕ್: ಯುಟಿಎಂ ಅಥವಾ ಫ್ಯೂಷನ್ ಪ್ರೊ. ವರ್ಚುವಲ್‌ಬಾಕ್ಸ್ ಕೂಡ 7.1ರಿಂದ ಇಲ್ಲಿ ಆರ್ಮ್ ಗೆಸ್ಟ್‌ಗಳನ್ನು ನಡೆಸುತ್ತದೆ, ಆದರೂ ಈ ಹೋಸ್ಟ್‌ಗೆ ಅದು ನನ್ನ ಮೊದಲ ಆಯ್ಕೆಯಲ್ಲ.

ವಿಂಡೋಸ್ ಹೋಸ್ಟ್‌ನಲ್ಲಿ ನಿಜವಾದ ಪೈಪೋಟಿಯಿದೆ. ಮೂರನೆಯ ಹಂತದಲ್ಲಿ ಹೈಪರ್‌ವೈಸರ್ ಪತ್ತೆಯಾಗಿ ಅದನ್ನು ಉಳಿಸಿಕೊಳ್ಳುವುದಾದರೆ, ಪ್ರೊ ಆವೃತ್ತಿ ಇದ್ದರೆ, ಯುಎಸ್‌ಬಿ ಸಾಧನದ ಅಗತ್ಯ ಇಲ್ಲದಿದ್ದರೆ ಹೈಪರ್-ವಿ ಸರಿಯಾದದ್ದು. ಯುಎಸ್‌ಬಿ ಸಾಧನಗಳನ್ನು ಗೆಸ್ಟ್‌ಗೆ ನೇರವಾಗಿ ಕೊಡುವುದರಲ್ಲಿ ಅದು ದುರ್ಬಲ. ಪರದೆಯ ಚಲನೆ ನಯವಾಗಿರಬೇಕು, ಮಧ್ಯಮ ಮಟ್ಟದ 3ಡಿ ಚಿತ್ರಗಳೂ ಬೇಕು ಎಂದಾದರೆ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಉಳಿದೆರಡಕ್ಕಿಂತ ಮುಂದಿದೆ, ಮತ್ತು ಹೈಪರ್-ವಿ ಇರುವ ಗಣಕದಲ್ಲಿಯೂ ಹೊಂದಿಕೊಂಡು ಓಡುತ್ತದೆ. ಕಲಿಕೆಗೆ, ಹಲವು ಬಗೆಯ ಗೆಸ್ಟ್‌ಗಳನ್ನು ಹಾಕಿ ತೆಗೆಯುವುದಕ್ಕೆ, ಮತ್ತು ಮುಂದೆ ಬೇರೆ ಹೋಸ್ಟ್‌ಗೆ ಸಾಗಿಸುವುದಕ್ಕೆ ವರ್ಚುವಲ್‌ಬಾಕ್ಸ್ ಅನುಕೂಲ. ಹೋಮ್ ಆವೃತ್ತಿಯವರು ಕೊನೆಯ ಎರಡರಲ್ಲಿ ಒಂದನ್ನು ಆರಿಸಬೇಕು. ಎರಡನ್ನೂ ಹಾಕಿ ಹೋಲಿಸುವ ಆಸೆಯಾದರೆ ಒಂದನ್ನು ಪೂರ್ತಿ ತೆಗೆದು, ಗಣಕವನ್ನು ಮತ್ತೆ ಆರಂಭಿಸಿ, ಆಮೇಲೆ ಇನ್ನೊಂದನ್ನು ಹಾಕಿ.

## ಹಂತ 6: ಇಳಿಸಿಕೊಂಡು ತಾಳೆನೋಡಿ, ಆಮೇಲೆ ಹಾಕಿ

ತಂತ್ರಾಂಶವನ್ನೂ ಐಎಸ್‌ಒವನ್ನೂ ತಯಾರಕರ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಲಿನಕ್ಸ್ ಐಎಸ್‌ಒ ಜೊತೆ ಪ್ರಕಟವಾಗುವ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಕೇತ) ನಿಮ್ಮ ಕಡತದ ಮೊತ್ತದೊಡನೆ ತಾಳೆನೋಡಿ. ಅನುಸ್ಥಾಪನೆ ಅರ್ಧದಲ್ಲಿ ಕಾರಣವಿಲ್ಲದೆ ನಿಂತರೆ ಅರೆಬರೆ ಇಳಿದ ಐಎಸ್‌ಒ ಅದಕ್ಕೆ ಸಾಮಾನ್ಯ ಕಾರಣ. ವರ್ಚುವಲ್‌ಬಾಕ್ಸ್ ಹಾಕುವಾಗ ಜಾಲಸಂಪರ್ಕ ಕೆಲವು ಕ್ಷಣ ಕಡಿಯುತ್ತದೆ, ಆದ್ದರಿಂದ ವಿಡಿಯೊ ಸಭೆಯ ನಡುವೆ ಈ ಕೆಲಸಕ್ಕೆ ಕೈಹಾಕಬೇಡಿ. ಲಿನಕ್ಸ್ ಹೋಸ್ಟ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಕಾವಲು) ಚಾಲೂ ಇದ್ದರೆ ವರ್ಚುವಲ್‌ಬಾಕ್ಸ್‌ನ ಕರ್ನಲ್ ಮಾಡ್ಯೂಲ್‌ಗೆ ಸಹಿ ಬೇಕಾಗುತ್ತದೆ. ಅನುಸ್ಥಾಪನೆಯ ವೇಳೆ ಕೇಳಿದ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಗಣಕ ಏಳುವಾಗ ಬರುವ ನೀಲಿ ಪರದೆಯಲ್ಲಿ ಕೀಯನ್ನು ನೋಂದಾಯಿಸಿ. ಆ ಪರದೆಯನ್ನು ಎಂಟರ್ ಒತ್ತಿ ದಾಟಿದವರಿಗೆ ಕರ್ನಲ್ ಚಾಲಕ ಇಲ್ಲ ಎಂಬ ಸಂದೇಶ ಖಚಿತ.

## ಹಂತ 7: ಮೊದಲ ಮಷೀನ್ ಚಿಕ್ಕದಾಗಿರಲಿ

ಮೊದಲ ಪ್ರಯೋಗಕ್ಕೆ ಹಗುರವಾದ ಲಿನಕ್ಸ್ ಡೆಸ್ಕ್‌ಟಾಪ್ ಆರಿಸಿ. ಅದು ಓಡಿದರೆ ಅಡಿಪಾಯ ಸರಿಯಿದೆ ಎಂದಾಯಿತು; ವಿಂಡೋಸ್ 11ರಿಂದಲೇ ಆರಂಭಿಸಿದರೆ ತೊಂದರೆ ಬಂದಾಗ ಅದು ತಂತ್ರಾಂಶದ್ದೋ, ಟಿಪಿಎಂ 2.0 (ಕೀಗಳನ್ನು ಕಾಯುವ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ ಷರತ್ತಿನದ್ದೋ ತಿಳಿಯುವುದಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಡಿಸ್ಕ್ ಕನಿಷ್ಠ ಷರತ್ತು ಎಂಬುದನ್ನೂ ಮುಂದಕ್ಕೆ ನೆನಪಿಡಿ.

ರ‍್ಯಾಮ್ ಹಂಚಿಕೆಯಲ್ಲಿ ಹೋಸ್ಟ್‌ನ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. 8 ಜಿಬಿ ಗಣಕದಲ್ಲಿ 2ರಿಂದ 3 ಜಿಬಿ, 16 ಜಿಬಿ ಗಣಕದಲ್ಲಿ 4ರಿಂದ 6 ಜಿಬಿ ಸಾಕು. ಪ್ರೊಸೆಸರ್ ಎರಡು ಕೊಡಿ. ಎಲ್ಲ ಕೋರ್‌ಗಳನ್ನೂ ಗೆಸ್ಟ್‌ಗೆ ಕೊಟ್ಟರೆ ವೇಗ ಹೆಚ್ಚುತ್ತದೆ ಎಂಬುದು ತಪ್ಪು ಎಣಿಕೆ. ಹೋಸ್ಟ್ ಉಸಿರುಕಟ್ಟಿದಾಗ ಅದರ ಹೊಟ್ಟೆಯೊಳಗಿನ ಗೆಸ್ಟ್ ಕೂಡ ನಿಲ್ಲುತ್ತದೆ. ಡಿಸ್ಕನ್ನು ಬೇಕಾದಂತೆ ಬೆಳೆಯುವ ಬಗೆಯದಾಗಿ ಇಡಿ, ಆದರೆ ಬೆಳೆದದ್ದು ತಾನಾಗಿ ಕುಗ್ಗುವುದಿಲ್ಲ ಎಂಬುದು ಗೊತ್ತಿರಲಿ. ಜಾಲವನ್ನು ನ್ಯಾಟ್ (ಹೋಸ್ಟ್‌ನ ಸಂಪರ್ಕದ ಮೂಲಕವೇ ಗೆಸ್ಟ್ ಹೊರಹೋಗುವ ಬಗೆ) ಎಂದೇ ಬಿಡಿ. ಜಾಲದಲ್ಲಿರುವ ಇತರ ಗಣಕಗಳು ಗೆಸ್ಟ್ ಅನ್ನು ನೇರವಾಗಿ ಸಂಪರ್ಕಿಸಬೇಕಾದಾಗ ಮಾತ್ರ ಬ್ರಿಡ್ಜ್‌ಡ್ ಬೇಕು.

ವರ್ಚುವಲ್‌ಬಾಕ್ಸ್ 7ರಲ್ಲಿ ಐಎಸ್‌ಒ ಆರಿಸಿದ ಕೂಡಲೇ ತಾನಾಗಿಯೇ ಅನುಸ್ಥಾಪಿಸುವ ವ್ಯವಸ್ಥೆ ಮುಂದಾಗುತ್ತದೆ. ಅದಕ್ಕೆ ಒಪ್ಪಿ ಮುಂದೆ ಮುಂದೆ ಒತ್ತಿದರೆ ವಿಬಾಕ್ಸ್‌ಯೂಸರ್ ಎಂಬ ಬಳಕೆದಾರ ಮತ್ತು ಚೇಂಜ್‌ಮಿ ಎಂಬ ಪಾಸ್‌ವರ್ಡ್ ಉಳ್ಳ ಖಾತೆ ತಯಾರಾಗಿರುತ್ತದೆ. ಉಬುಂಟುವಿನಂಥ ಗೆಸ್ಟ್‌ನಲ್ಲಿ ಆ ಖಾತೆಗೆ ಆಡಳಿತದ ಅಧಿಕಾರವೂ ಸಿಗದೆ, ಒಂದು ತಂತ್ರಾಂಶ ಹಾಕಲೂ ಆಗದೆ ಕೂರಬೇಕಾಗಬಹುದು. ಆ ಸ್ವಯಂಚಾಲಿತ ಆಯ್ಕೆಯನ್ನು ಬಿಟ್ಟು, ಕೈಯಾರೆ ಅನುಸ್ಥಾಪಿಸಿ. ಮುಗಿದ ಮೇಲೆ ವರ್ಚುವಲ್ ಸಿಡಿಯಿಂದ ಐಎಸ್‌ಒ ತೆಗೆಯಿರಿ, ಇಲ್ಲದಿದ್ದರೆ ಮತ್ತೆ ಅನುಸ್ಥಾಪನೆಯ ಮೊದಲ ಪರದೆಯೇ ಎದುರಾಗಬಹುದು.

ಪರದೆ ಚಿಕ್ಕ ಚೌಕವಾಗಿಯೇ ಉಳಿದಿದ್ದರೆ ಗಾಬರಿ ಬೇಡ. ಗೆಸ್ಟ್‌ನೊಳಗೆ ಸಹಾಯಕ ಚಾಲಕಗಳನ್ನು ಹಾಕಬೇಕು: ವರ್ಚುವಲ್‌ಬಾಕ್ಸ್‌ನಲ್ಲಿ ಗೆಸ್ಟ್ ಅಡಿಷನ್ಸ್, ವಿಎಂವೇರ್‌ನಲ್ಲಿ ವಿಎಂವೇರ್ ಟೂಲ್ಸ್. ಮೌಸ್ ಗೆಸ್ಟ್‌ನೊಳಗೆ ಸಿಕ್ಕಿಕೊಂಡರೆ ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಕೀ, ವಿಎಂವೇರ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದರೆ ಬಿಡುಗಡೆ.

## ಹಂತ 8: ನಾಲ್ಕು ದಿನ ಬಳಸಿ, ಆಮೇಲೆ ಉಳಿಸಿಕೊಳ್ಳಿ

ಮೊದಲ ಹಂತದಲ್ಲಿ ಬರೆದ ವಾಕ್ಯವನ್ನು ಎದುರಿಗಿಟ್ಟುಕೊಂಡು ಆ ಕೆಲಸವನ್ನೇ ಮಾಡಿ ನೋಡಿ. ಡಾಂಗಲ್ ಇದ್ದರೆ ಜೋಡಿಸಿ, ಹಳೆಯ ತಂತ್ರಾಂಶವಿದ್ದರೆ ತೆರೆಯಿರಿ. ಹೋಸ್ಟ್ ನಿದ್ರೆಗೆ ಹೋಗಿ ಎದ್ದ ಮೇಲೂ ಗೆಸ್ಟ್‌ನ ಗಡಿಯಾರ ಮತ್ತು ಜಾಲ ಸರಿಯಿವೆಯೇ ಪರೀಕ್ಷಿಸಿ. ಗೆಸ್ಟ್ ಓಡುತ್ತಿರುವಾಗ ಹೋಸ್ಟ್‌ನ ಡಿಸ್ಕ್ ಬಳಕೆ ಸದಾ ನೂರು ಶೇಕಡದ ಸುತ್ತ ನಿಂತಿದ್ದರೆ ರ‍್ಯಾಮ್ ಸಾಲದೆ ಹೋಸ್ಟ್ ಡಿಸ್ಕಿಗೆ ಇಳಿದಿದೆ ಎಂಬ ಸೂಚನೆ ಅದು. ಗೆಸ್ಟ್‌ನ ಪಾಲನ್ನು ಕಡಿಮೆ ಮಾಡಿ.

ಎಲ್ಲವೂ ಸರಿಯಿದ್ದಾಗ ಒಂದು ಸ್ನ್ಯಾಪ್‌ಶಾಟ್, ಅಂದರೆ ಮುಂದೆ ಮರಳಿ ಬರಬಹುದಾದ ಆ ಕ್ಷಣದ ಸ್ಥಿತಿಯ ಗುರುತು, ತೆಗೆದಿಡಿ. ಅದು ಬ್ಯಾಕಪ್ ಅಲ್ಲ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಹೊಸ ಬರಹವೆಲ್ಲ ಬೇರೆ ಕಡತಕ್ಕೆ ಹೋಗುತ್ತದೆ, ಮತ್ತು ಹಳೆಯದರ ಮೇಲೆ ಹೊಸದು ಕೊಂಡಿಯಂತೆ ನಿಂತಿರುತ್ತದೆ. ಒಮ್ಮೆ ಹನ್ನೊಂದು ಸ್ನ್ಯಾಪ್‌ಶಾಟ್ ಪೇರಿಸಿಕೊಂಡಿದ್ದ ನಾನು ಹೋಸ್ಟ್‌ನ ಡಿಸ್ಕ್ ತುಂಬಿತೆಂದು ಕೋಶದೊಳಗೆ ಹೋಗಿ ಹಳೆಯದೆಂದು ತೋರಿದ ಕಡತವೊಂದನ್ನು ಕೈಯಾರೆ ಅಳಿಸಿದೆ. ಮಷೀನ್ ಮತ್ತೆ ಏಳಲಿಲ್ಲ. ಸ್ನ್ಯಾಪ್‌ಶಾಟ್‌ಗಳನ್ನು ತಂತ್ರಾಂಶದ ಪಟ್ಟಿಯಿಂದಲೇ ಅಳಿಸಬೇಕು, ಮತ್ತು ವಿಲೀನವಾಗಲು ಡಿಸ್ಕ್‌ನಲ್ಲಿ ಜಾಗ ಬೇಕಾಗುವುದರಿಂದ ತುಂಬುವ ಮೊದಲೇ ಅಳಿಸಬೇಕು. ಬ್ಯಾಕಪ್ ಬೇಕಿದ್ದರೆ ಮಷೀನನ್ನು ಪೂರ್ತಿ ಆರಿಸಿ ಅದರ ಕೋಶವನ್ನೇ ಬೇರೆ ಡಿಸ್ಕಿಗೆ ನಕಲು ಮಾಡಿ, ಅಥವಾ ಒವಿಎ ಕಡತವಾಗಿ (ಇಡೀ ಮಷೀನನ್ನು ಒಂದೇ ಕಡತದಲ್ಲಿ ಕಟ್ಟಿಡುವ ರೂಪ) ರಫ್ತು ಮಾಡಿ.

ಅನುಮಾನದ ಕಡತಗಳನ್ನು ತೆರೆಯಲೆಂದೇ ಇಟ್ಟ ಮಷೀನಿನಲ್ಲಿ ಹಂಚಿಕೆಯ ಕೋಶ, ಹಂಚಿಕೆಯ ಕ್ಲಿಪ್‌ಬೋರ್ಡ್, ಮತ್ತು ಎಳೆದು ಹಾಕುವ ಸೌಲಭ್ಯ ಮೂರನ್ನೂ ನಿಲ್ಲಿಸಿಡಿ.

ಪರೀಕ್ಷೆಯಲ್ಲಿ ತಂತ್ರಾಂಶ ಹಿಡಿಸದೆ ಬೇರೆಯದಕ್ಕೆ ಹೋಗುವುದಾದರೆ ಮೊದಲು ಗೆಸ್ಟ್‌ನೊಳಗಿನ ಸಹಾಯಕ ಚಾಲಕಗಳನ್ನು ತೆಗೆಯಿರಿ, ಸ್ನ್ಯಾಪ್‌ಶಾಟ್‌ಗಳನ್ನು ವಿಲೀನಗೊಳಿಸಿ, ಆಮೇಲೆ ಒವಿಎ ಆಗಿ ರಫ್ತು ಮಾಡಿ. ಹೊಸ ತಂತ್ರಾಂಶದಲ್ಲಿ ಅದು ಎದ್ದು ನಿಂತಿತೆಂದು ಕಣ್ಣಾರೆ ಕಂಡ ಮೇಲೆಯೇ ಹಳೆಯ ಮಷೀನನ್ನು ತೆಗೆಯಿರಿ. ವರ್ಚುವಲ್‌ಬಾಕ್ಸ್‌ನಲ್ಲಿ ಹಾಗೆ ತೆಗೆಯುವಾಗ ಪಟ್ಟಿಯಿಂದ ಮಾತ್ರ ತೆಗೆಯಬೇಕೋ, ಎಲ್ಲ ಕಡತಗಳನ್ನೂ ಅಳಿಸಬೇಕೋ ಎಂದು ಕೇಳುತ್ತದೆ. ಮೊದಲನೆಯದನ್ನು ಆರಿಸಿದರೆ ಹತ್ತಾರು ಜಿಬಿಯ ಡಿಸ್ಕ್ ಕಡತ ಹೋಸ್ಟ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಎರಡನೆಯದನ್ನು ಆರಿಸಿದರೆ ಅದು ಕಸದ ಬುಟ್ಟಿಗೂ ಹೋಗದೆ ನೇರವಾಗಿ ಅಳಿಯುತ್ತದೆ.